ಕಿಟಕಿಯಿಂದ ಇಳಿದುಹೋದ ದಾವೀದನೂ ದೇವರನ್ನೇ ನಂಬಿದ್ದ

ಇದನ್ನ ಬರೀಲೇಬೇಕು ಅನ್ಸಿದ್ದು ಯಾಕಂದ್ರೆ ಒಂದೇ ಪ್ರಶ್ನೆ ಬೇರೆ ಬೇರೆ ಹೆಣ್ಣುಮಕ್ಕಳ ಬಾಯಲ್ಲಿ ಪದೇ ಪದೇ ಕೇಳ್ತಾ ಇದ್ದೀನಿ. "ದೇವರು ಕಾಪಾಡ್ತಾರೆ ಅಂತ ನಂಬಿದ್ಮೇಲೆ ಮನೆ ಬಿಟ್ಟು ಹೋಗೋದು ಅವಿಶ್ವಾಸ ಅಲ್ವಾ ಸಿಸ್ಟರ್?" ಗುರುತು ಸಿಗಬಾರದು ಅಂತ ವಿವರ ಎಲ್ಲಾ ಬದಲಾಯಿಸಿದ್ದೀನಿ, ಪ್ರಶ್ನೆ ಮಾತ್ರ ಅವರು ಕೇಳಿದ ಹಾಗೇ ಇದೆ.

ಹಾಗೆ ಕೇಳ್ಕೊಂಡು ನನ್ನ ಹತ್ರ ಬಂದ ಒಬ್ಬರಿಗೆ ಮದುವೆಯಾಗಿ ತುಂಬಾ ವರ್ಷ ಆಗಿದೆ, ಇಬ್ಬರು ಮಕ್ಕಳು. ಗಂಡ ಹೊಡೀತಾರೆ. ಚರ್ಚ್ ಸಭೆಯಲ್ಲಿ ಒಳ್ಳೆ ಹೆಸರಿರೋ ಮನುಷ್ಯ, ಪ್ರಾರ್ಥನೆನೂ ಚೆನ್ನಾಗಿ ಮಾಡ್ತಾರಂತೆ, ಹಾಗಾಗಿ ಇವರು ಹೇಳಿದ್ರೆ ಯಾರೂ ನಂಬಲ್ಲ. ಸಭೆ ಹಿರಿಯರಿಗೆ ಹೇಳಿದಾಗ ಉಪವಾಸ ಮಾಡಿ, ತಾಳ್ಮೆಯಿಂದ ಇರಿ, ದೇವರು ಕಾಪಾಡ್ತಾರೆ ಅನ್ನೋ ವಾಗ್ದಾನ ಇರೋ 91ನೇ ಕೀರ್ತನೆ ದಿನಾ ಓದಿ ಅಂದಿದ್ರು. ಓದ್ತಾನೂ ಇದ್ರು, ಬಾಯಿಪಾಠವೇ ಆಗಿತ್ತು. ಆದ್ರೆ ಈಚೆಗೆ ಗಂಡನ ಕೈ ದೊಡ್ಡ ಮಗುವಿನ ಮೇಲೂ ಏಳೋಕೆ ಶುರುವಾಗಿತ್ತು.

ಮೊದಲ ಭೇಟಿಗಳಲ್ಲಿ ಹೆಚ್ಚೇನೂ ಆಗ್ಲಿಲ್ಲ, ನಾನು ಕೇಳಿಸ್ಕೊಂಡೆ ಅಷ್ಟೇ. ಆಮೇಲೆ ಒಂದಿನ ಅವರೇ ಬೈಬಲ್ ತೆಗೆದು 91ನೇ ಕೀರ್ತನೆ ತೋರಿಸಿ, "ದೇವದೂತರು ಕಾಯ್ತಾರೆ ಅಂತ ಇಷ್ಟು ಸ್ಪಷ್ಟವಾಗಿ ಇದ್ಯಲ್ಲ, ನಾನು ಓಡಿಹೋದ್ರೆ ಈ ಮಾತನ್ನ ಸುಳ್ಳು ಮಾಡಿದ ಹಾಗಾಗಲ್ವಾ?" ಅಂದ್ರು. ನಾನು ಮತ್ತಾಯ 4ನೇ ಅಧ್ಯಾಯ ತೆಗೆಯೋಕೆ ಹೇಳಿದೆ. ಸೈತಾನ ಯೇಸುವನ್ನ ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕು ಅಂತ ಹೇಳ್ವಾಗ ಎತ್ತಿದ ವಚನ ಇದೇ ಕೀರ್ತನೆಯದು. ಯೇಸು ಧುಮುಕಲಿಲ್ಲ, ದೇವರನ್ನ ಪರೀಕ್ಷಿಸಬಾರದು ಅಂದ. ವಾಗ್ದಾನ ನಿಜಾನೇ, ಆದ್ರೆ ಅದನ್ನ ಹಿಡ್ಕೊಂಡು ಒಬ್ಬರನ್ನ ಅಪಾಯಕ್ಕೆ ದೂಡೋದು ಯಾರ ಕೆಲಸ ಅಂತ ಆ ಅಧ್ಯಾಯದಲ್ಲೇ ಇದೆ.

ಅವರು ಸುಮ್ನಿದ್ರು, ಒಪ್ಪಿದ ಹಾಗೆ ಕಾಣ್ಲಿಲ್ಲ. ಆಗ 1 ಸಮುವೇಲ 19 ಓದಿದ್ವಿ. ದಾವೀದ ಕಿನ್ನರಿ ನುಡಿಸ್ತಾ ಇದ್ದಾನೆ, ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟ ಅರಸ ಸೌಲ ಈಟಿ ಎಸೀತಾನೆ, ಈಟಿ ಗೋಡೆಗೆ ನಾಟುತ್ತೆ, ದಾವೀದ ತಪ್ಪಿಸ್ಕೊಂಡು ಓಡ್ತಾನೆ. ಸೌಲನ ಆಳುಗಳು ಮನೆ ಕಾಯ್ತಾ ಇದ್ದಾಗ ದಾವೀದನ ಹೆಂಡತಿ ಮೀಕಲಳು, ಈ ರಾತ್ರಿನೇ ಪ್ರಾಣ ಉಳಿಸ್ಕೊಳ್ಳದಿದ್ರೆ ನಾಳೆ ಕೊಲ್ತಾರೆ ಅಂತ ಹೇಳಿ ಅವನನ್ನ ಕಿಟಕಿಯಿಂದ ಇಳಿಸ್ತಾಳೆ. ಇದನ್ನ ಓದಿಸಿ ನೇರ 59ನೇ ಕೀರ್ತನೆಗೆ ಹೋಗೋಕೆ ಹೇಳ್ದೆ, ಮೊದಲು ಮೇಲಿರೋ ಶಿರೋನಾಮೆ ಓದಿ ಅಂದೆ. ಸೌಲ ದಾವೀದನನ್ನ ಕೊಲ್ಲಿಸೋಕೆ ಮನೆ ಕಾಯಿಸಿದಾಗಿನ ಕೀರ್ತನೆ ಅಂತ ಅಲ್ಲಿದೆ. ಅದರ ಕೊನೇಲಿ ದಾವೀದ, ಬೆಳಿಗ್ಗೆ ನಿನ್ನ ಕೃಪೆಯನ್ನ ಹಾಡ್ತೀನಿ, ಇಕ್ಕಟ್ಟಿನ ದಿನ ನನಗೆ ಆಶ್ರಯ ಆಗಿದ್ದೀ ಅಂತಾನೆ.

ತುಂಬಾ ಹೊತ್ತು ಆ ಪುಟಾನೇ ನೋಡ್ತಾ ಕೂತಿದ್ರು. ಆಮೇಲೆ, "ಹಾಗಾದ್ರೆ ಕಿಟಕಿಯಿಂದ ಇಳಿದು ಓಡಿದೋನೇ ದೇವರು ಕಾಪಾಡಿದ್ರು ಅಂತ ಹಾಡಿದ್ದಾ?" ಅಂದ್ರು.

ಹೂನಮ್ಮ, ಅವನೇ ಅಂದೆ. ಅವತ್ತು ಜಾಸ್ತಿ ಮಾತಾಡಿದ್ದು ಅವರೇ.

ಎದ್ದು ಹೊರಡೋಕೆ ಮುಂಚೆ ಇನ್ನೊಂದು ಭಯ ಬಂತು, ಹೋದ್ರೆ ಮಕ್ಕಳಿಗೆ ಊಟ ಹಾಕೋರು ಯಾರು. ಅದಕ್ಕೂ ದಾವೀದನ ಕಥೆನೇ ಹೇಳ್ದೆ. ಓಡಿಹೋಗ್ತಿದ್ದ ದಾವೀದನಿಗೆ ನೋಬ್ ಅನ್ನೋ ಊರಲ್ಲಿ ಯಾಜಕ ಅಹೀಮೆಲೆಕ ರೊಟ್ಟಿ ಕೊಟ್ಟ, ಅದೂ ದೇವರ ಮುಂದಿಟ್ಟಿದ್ದ ಪವಿತ್ರ ರೊಟ್ಟಿ. ಅಪ್ಪ ಅಮ್ಮನನ್ನ ದಾವೀದ ಪರದೇಶವಾದ ಮೋವಾಬಿನ ಅರಸನ ಹತ್ರ ಬಿಟ್ಟ. ಅಂದ್ರೆ ದೇವರು ಒದಗಿಸಿದ್ದು ಮನುಷ್ಯರ ಕೈಯಿಂದಾನೇ, ಕೆಲವು ಸಲ ನಮ್ಮೋರಲ್ಲದ ಮನುಷ್ಯರ ಕೈಯಿಂದ. ಅಕ್ಕನ ಮನೆಯವರು ಬಾ ಅಂತ ಕರೀತಿದ್ರೆ ಅದನ್ನ ಬೇಡ ಅನ್ನೋದು ವಿಶ್ವಾಸ ಅಂತ ನನಗನ್ಸಲ್ಲ.

ಸಲಹೆ ಕೊಟ್ಟಿದ್ದು ಇಷ್ಟು. ಹೋಗ್ತೀನಿ ಅಂತ ಗಂಡನಿಗೆ ಮೊದಲೇ ಹೇಳ್ಬೇಡಿ, ಬಿಟ್ಟುಹೋಗೋ ಸಮಯದಲ್ಲೇ ಹೊಡೆತ ಜಾಸ್ತಿಯಾಗೋದು, ಪ್ರಾಣಕ್ಕೂ ಅಪಾಯ ಇರೋದು. ದಾಖಲೆ ಪತ್ರ, ಸ್ವಲ್ಪ ದುಡ್ಡು, ಮಕ್ಕಳ ಔಷಧಿ ಮೊದಲೇ ಅಕ್ಕನ ಮನೇಲಿಡಿ. ಗಾಯ ಆಗಿದ್ರೆ ಡಾಕ್ಟರಿಗೆ ತೋರಿಸಿ, ಹೇಗಾಯ್ತು ಅಂತ ನಿಜ ಹೇಳಿ ಬರೆಸಿ. ಜೀವಕ್ಕೆ ಅಪಾಯ ಅನ್ಸಿದ್ರೆ ಪೊಲೀಸರಿಗೆ ಫೋನ್ ಮಾಡಿ, ಸಭೆ ಮರ್ಯಾದೆ ಅಂತ ನೋಡ್ಬೇಡಿ. ಗಂಡ ಹೆಂಡತಿನ ಒಟ್ಟಿಗೆ ಕೂರಿಸಿ ಮಾತಾಡಿಸಿ ಅಂತ ಹಿರಿಯರು ಕೇಳಿದ್ರು, ನಾನು ಆಗಲ್ಲ ಅಂದೆ. ಇಲ್ಲಿ ನಿಜ ಹೇಳಿದ್ದಕ್ಕೆ ಮನೇಲಿ ಹೊಡೆತ ಬೀಳೋ ಹಾಗಿದ್ರೆ ಅಂಥ ಕೂತ್ಕೊಳ್ಳೋದ್ರಿಂದ ಏನು ಪ್ರಯೋಜನ?

ಸಂಸಾರ ಒಡೆದ್ರಿ ಅಂತ ಸಭೆಯವರು ನನಗೆ ಹೇಳಿದ್ರು. ಮಲಾಕಿಯ 2:16 ಓದಿ, ದೇವರಿಗೆ ವಿಚ್ಛೇದನ ಹೇಸಿಗೆ ಅಂದ್ರು. ಅದೇ ವಚನದಲ್ಲಿ ಹಿಂಸೆಯ ಮಾತೂ ಇದೆ, ಅದನ್ನ ಮಾತ್ರ ಯಾಕೆ ಯಾರೂ ಗಟ್ಟಿಯಾಗಿ ಓದಲ್ಲ? ನಾನು ವಿಚ್ಛೇದನ ತಗೊಳ್ಳಿ ಅಂತ ಹೇಳೇ ಇಲ್ಲ, ಅದು ಅವರ ನಿರ್ಧಾರ. ಜೀವ ಉಳಿಸ್ಕೊಳ್ಳಿ ಅಂದೆ, ನಾಳೆ ಇನ್ನೊಬ್ಬರು ಬಂದು ಕೇಳಿದ್ರೂ ಇದನ್ನೇ ಹೇಳ್ತೀನಿ.

ಈಗ ಅವರು ಮಕ್ಕಳ ಜೊತೆ ಅಕ್ಕನ ಮನೇಲಿದ್ದಾರೆ, ಕೆಲಸಕ್ಕೆ ಹೋಗ್ತಿದ್ದಾರೆ. ಗಂಡ ಅತ್ತು ಫೋನ್ ಮಾಡಿದಾಗ, ಕ್ಷಮಿಸಿದ್ಮೇಲೆ ವಾಪಸ್ ಹೋಗ್ಬೇಕಲ್ವಾ ಅಂತ ನನ್ನ ಕೇಳಿದ್ರು. ಸೌಲನೂ ಒಂದು ಸಲ ಅತ್ತ, ಇನ್ನೊಂದು ಸಲ ತಪ್ಪು ಮಾಡ್ದೆ, ಮಗನೇ ದಾವೀದನೇ ಹಿಂತಿರುಗಿ ಬಾ ಅಂತ ಕರೆದ. ದಾವೀದ ಅವನನ್ನ ಕೊಲ್ಲೋ ಅವಕಾಶ ಇದ್ರೂ ಕೊಲ್ಲಲಿಲ್ಲ, ಆದ್ರೆ ಅವನ ಜೊತೆ ಹೋಗ್ಲೂ ಇಲ್ಲ, ತನ್ನ ದಾರಿ ಹಿಡಿದ. ಅತ್ತಿದ್ದು 1 ಸಮುವೇಲ 24ರಲ್ಲಿದೆ, ಹಿಂತಿರುಗಿ ಬಾ ಅಂತ ಕರೆದಿದ್ದು 26ರಲ್ಲಿ, ಓದಿಸಿದೆ. ವಾಪಸ್ ಹೋಗೋ ಮುಂಚೆ ಏನೇನು ಆಗಿರ್ಬೇಕು ಅಂತ ಇಬ್ಬರೂ ಕೂತು ಬರೆದ್ವಿ: ಗಂಡ ಒಬ್ಬರೇ ಕೌನ್ಸೆಲಿಂಗ್‌ಗೆ ಹೋಗ್ಬೇಕು, ಹೊಡೆದಿದ್ದನ್ನ ಹಿರಿಯರ ಮುಂದೆ ಒಪ್ಕೋಬೇಕು, ಮಕ್ಕಳಿಗೆ ಭಯ ಹೋಗಿರ್ಬೇಕು. ಅವರು ಗಂಡನಿಗೋಸ್ಕರ ದಿನಾ ಪ್ರಾರ್ಥನೆ ಮಾಡ್ತಾರೆ. ಗಂಡ ಇದ್ಯಾವುದಕ್ಕೂ ಇನ್ನೂ ಒಪ್ಪಿಲ್ಲ.