ಕೆಲವೇ ಮನೆ ಕೇಳಿ ಇಡೀ ಜಿಲ್ಲೆಯ ಲೆಕ್ಕ ಹೇಗೆ ಹೇಳುತ್ತಾರೆ?

ಆರೋಗ್ಯ ಸಮೀಕ್ಷೆಯವರು ನಿಮ್ಮ ಬೀದಿಯಲ್ಲಿ ಎರಡೇ ಮನೆಗೆ ಹೋಗಿ ನಿಮ್ಮನ್ನು ಕೇಳದೆ ಹೋದರು, ಇಂಥ ಲೆಕ್ಕ ನಂಬಬಹುದಾ ಅಂತ ಕೇಳಿದ್ದೀರಿ. ಉಡುಪಿ ಕಡೆ ಮನೆಮನೆ ಸಮೀಕ್ಷೆಯ ಕೆಲಸ ಮಾಡಿದ್ದೇನೆ. ನಂಬಬಹುದು, ಆದರೆ ಮನೆ ಆರಿಸಿದ್ದು ಹೇಗೆ, ಪ್ರಶ್ನೆ ಕೇಳಿದ್ದು ಹೇಗೆ ಅಂತ ನೋಡಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ನೋಡಿ. ಆಯ್ಕೆಯಾದ ಪ್ರತಿ ಜಾಗದಲ್ಲಿ ಮೊದಲು ಮನೆಗಳ ಪಟ್ಟಿ ಮಾಡಿ, ಅದರಿಂದ 22 ಮನೆ ಆರಿಸಿದರು. ಬಾಗಿಲು ತಟ್ಟುವವರಿಗೆ ತಮ್ಮಿಷ್ಟದ ಮನೆ ಹಿಡಿಯುವ ಅವಕಾಶ ಇಲ್ಲ. ಬೀಗ ಹಾಕಿದ್ದರೆ ಮತ್ತೆ ಹೋಗಬೇಕು, ಪಕ್ಕದ ಮನೆಗೆ ನುಗ್ಗುವ ಹಾಗಿಲ್ಲ. ಮಲ್ಪೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ನೋಡಿ. ಎಷ್ಟೋ ಮನೆಗಳಲ್ಲಿ ಗಂಡಸರು ಬೋಟಿನಲ್ಲಿ, ಹೆಂಗಸರು ಮೀನು ಮಾರಲು ಹೋಗಿರುತ್ತಾರೆ. ಸಿಕ್ಕವರನ್ನೇ ಕೇಳಿಕೊಂಡು ಬಂದರೆ ದುಡಿಯುವವರ ಮನೆಗಳೇ ಲೆಕ್ಕದಿಂದ ಬಿಟ್ಟುಹೋಗುತ್ತವೆ.

ಜಾಸ್ತಿ ಜನರನ್ನು ಕೇಳಿದರೆ ಇದು ಸರಿಹೋಗುವುದಿಲ್ಲ. 1936ರ ಅಧ್ಯಕ್ಷ ಚುನಾವಣೆಯಲ್ಲಿ ಯಾರಿಗೆ ಮತ ಅಂತ ಕೇಳಿದ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆಗೆ 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದಿತ್ತು. ಆದರೂ ಲ್ಯಾಂಡನ್ ಗೆಲ್ಲುತ್ತಾರೆ ಅಂದುಬಿಟ್ಟಿತು, ಗೆದ್ದದ್ದು ರೂಸ್‌ವೆಲ್ಟ್. ಫೋನು, ಕಾರು ಇದ್ದ ಅನುಕೂಲಸ್ಥರ ಪಟ್ಟಿಗಳಿಂದ ವಿಳಾಸ ತೆಗೆದಿದ್ದರು. ಸಾಲದ್ದಕ್ಕೆ, ತುಂಬಾ ಜನ ಉತ್ತರವನ್ನೇ ಕಳಿಸಲಿಲ್ಲ.

ಇನ್ನು ಪ್ರಶ್ನೆ. ನನಗೆ ಇದೇ ದೊಡ್ಡ ವಿಷಯ. ಕಾರ್ಕಳದ ಹತ್ತಿರ ಒಂದು ಮನೆಯ ಜಗಲಿಯಲ್ಲಿ ಒಬ್ಬರು ತೊಡೆಯ ಮೇಲೆ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಫಾರಂನಲ್ಲಿದ್ದ ಹಾಗೇ ಕೇಳಿದೆ: "ಮನೆಕೆಲಸ ಬಿಟ್ಟು ಬೇರೆ ಕೆಲಸ ಮಾಡುತ್ತೀರಾ ಅಕ್ಕ?"

"ಇಲ್ಲ, ನಾನು ಮನೆಯಲ್ಲೇ ಇರುವುದು."

ಬೆರಳು ಮಾತ್ರ ನಿಲ್ಲಲಿಲ್ಲ. ಎಲೆ ಸುತ್ತಿ, ತುದಿ ಮಡಚಿ, ನೂಲು ಬಿಗಿದು ಇನ್ನೊಂದು ಎತ್ತಿಕೊಂಡರು. ಮುಂದಿನ ಪ್ರಶ್ನೆ ಬಿಡಿಸಿ ಕೇಳುವಂಥದ್ದು: ಏಳು ದಿನದಲ್ಲಿ ಏನಾದರೂ ಮಾರಿದ್ದೀರಾ, ಗದ್ದೆ ಕೆಲಸ ಮಾಡಿದ್ದೀರಾ, ಹಣ ಸಿಗುವ ಬೇರೆ ಏನಾದರೂ ಮಾಡಿದ್ದೀರಾ?

"ಓ, ಬೀಡಿಯಾ? ಅದು ಉಂಟಲ್ಲ, ವಾರ ವಾರ ಬೀಡಿ ಕಂಪನಿಯ ಬ್ರಾಂಚಿಗೆ ಕೊಡುವುದು."

ಆ ಎರಡನೇ ಪ್ರಶ್ನೆ ಇಲ್ಲದಿದ್ದರೆ ಅವರು ದುಡಿಯದ ಹೆಂಗಸು ಅಂತಲೇ ದಾಖಲಾಗುತ್ತಿದ್ದರು. ನಮ್ಮ ಕರಾವಳಿಯಲ್ಲಿ ಹೀಗೆ ಬೀಡಿ ಕಟ್ಟಿ ಮನೆ ನಡೆಸಿದ ಹೆಂಗಸರು ಎಷ್ಟೋ ಮಂದಿ. ಅವರ ದುಡಿಮೆ ಇಂಥ ಅಂಕಿಗಳಲ್ಲಿ ಕಾಣಿಸಬೇಕಲ್ವಾ?

ಹಾಗಾಗಿ ಪೇಪರಿನಲ್ಲಿ ಸಮೀಕ್ಷೆಯ ಸುದ್ದಿ ಬಂದರೆ ಶೇಕಡಾವಾರು ಒಂದನ್ನೇ ಓದಿ ಬಿಡಬೇಡಿ. ಕುಟುಂಬ ಆರೋಗ್ಯ ಸಮೀಕ್ಷೆಯ ರಾಷ್ಟ್ರೀಯ ವರದಿಯ ಕೊನೆಯಲ್ಲಿ ಪ್ರಶ್ನಾವಳಿಯನ್ನು ಪೂರ್ತಿ ಹಾಕಿರುತ್ತಾರೆ. ಮೊದಲು ಅದನ್ನು ತೆಗೆದು ನೋಡಿ.