12ನೇ ಶತಮಾನದ ಇಂಗ್ಲೆಂಡಿನಲ್ಲಿ ವೈದ್ಯೆಯೊಬ್ಬಳು ಕೊಲೆಗಾರನನ್ನು ಪತ್ತೆ ಹಚ್ಚುವ ಕಾದಂಬರಿ ನಂಬುವಂತಿರಬೇಕಾದರೆ ಏನೇನು ತಿಳಿದಿರಬೇಕು?

ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಿ. ವೈದ್ಯವಿದ್ಯೆಗೆ ಹೆಸರಾಗಿದ್ದ ಇಟಲಿಯ ಸಲೆರ್ನೋದಲ್ಲಿ ಕಲಿತ ವೈದ್ಯೆ, ಇಂಗ್ಲೆಂಡಿನ ಹಳ್ಳಿ, ಹೊಂಡದಲ್ಲಿ ಸಿಕ್ಕ ಅಪರಿಚಿತನ ಹೆಣ: ಇದು ನಿಮ್ಮ ಕಥೆಯ ಎಳೆ ಎನ್ನೋಣ. ಇದನ್ನು 1195 ಮತ್ತು 1207ರ ನಡುವೆ ಇಡಿ. ಕೌಂಟಿಗೆ ಮೂವರು ನೈಟ್‌ಗಳು ಮತ್ತು ಒಬ್ಬ ಕರಣಿಕನನ್ನು ಆರಿಸುವ ಕಾರೊನರ್ (ಅನುಮಾನದ ಸಾವುಗಳನ್ನು ವಿಚಾರಿಸುವ ಅಧಿಕಾರಿ) ವ್ಯವಸ್ಥೆ ಬಂದದ್ದು 1194ರಲ್ಲಿ. ಅದಕ್ಕಿಂತ ಹಿಂದಕ್ಕೆ ಹೋದರೆ ಶವ ಪಂಚನಾಮೆಗೆ ಕಾರೊನರ್ ಇರುವುದಿಲ್ಲ. 1208ರಿಂದ ದೇಶದಲ್ಲಿ ಚರ್ಚಿನ ವಿಧಿಗಳ ಮೇಲೆ ಪೋಪ್ ಹೇರಿದ ನಿಷೇಧದಿಂದ ಶವಸಂಸ್ಕಾರದ ಕ್ರಮವೇ ಏರುಪೇರಾಯಿತು. 1215ರಲ್ಲಿ, ದೇವರೇ ತೀರ್ಪು ಕೊಡುತ್ತಾನೆಂದು ನಂಬಿ ಮಾಡುವ ದಿವ್ಯ ಪರೀಕ್ಷೆಯಲ್ಲಿ ಪಾದ್ರಿಗಳು ಭಾಗವಹಿಸಬಾರದೆಂದು ಚರ್ಚ್ ಆಜ್ಞೆ ಮಾಡಿದ ಮೇಲೆ ಆ ಪದ್ಧತಿಯೇ ನಿಂತಿತು. ನಿಮ್ಮ ಕಥೆಗೆ ದಿವ್ಯ ಬೇಕೇ ಬೇಕು. ತಪ್ಪು ವ್ಯಕ್ತಿಯ ಮೇಲೆ ಆರೋಪ ಬಂದರೆ ಅವನನ್ನು ಕಟ್ಟಿ ನೀರಿಗೆ ಇಳಿಸುತ್ತಾರೆ: ಮುಳುಗಿದರೆ ನಿರಪರಾಧಿ, ತೇಲಿದರೆ ಅಪರಾಧಿ. ವೈದ್ಯೆಯ ಕೈಯಲ್ಲಿರುವುದು ಅಷ್ಟರೊಳಗಿನ ಅವಧಿ ಮಾತ್ರ.

ಹೆಂಗಸು ವೈದ್ಯಳಾಗಿರುವುದು ಕಟ್ಟುಕಥೆಯಲ್ಲ. ಸಲೆರ್ನೋದ ತ್ರೋತಾ 12ನೇ ಶತಮಾನದಲ್ಲೇ ಸ್ತ್ರೀರೋಗಗಳ ಚಿಕಿತ್ಸೆಯಲ್ಲಿ ಹೆಸರು ಮಾಡಿದ್ದವಳು. 1140ರಲ್ಲಿ, ಸಲೆರ್ನೋವನ್ನೂ ಆಳುತ್ತಿದ್ದ ಸಿಸಿಲಿಯ ದೊರೆ ಎರಡನೇ ರೋಜರ್, ಅಧಿಕಾರಿಗಳ ಮುಂದೆ ಪರೀಕ್ಷೆಯಾಗದೆ ಯಾರೂ ವೈದ್ಯ ಮಾಡಬಾರದೆಂದ. ಇಂಗ್ಲೆಂಡಿನಲ್ಲಿ ಆಗ ಪರವಾನಗಿಯ ಕಟ್ಟಳೆಯೇ ಇರಲಿಲ್ಲ. ಆದ್ದರಿಂದ 'ಲೈಸೆನ್ಸ್ ಇಲ್ಲ' ಎಂದು ಅವಳನ್ನು ತಡೆಯುವ ದೃಶ್ಯ ಬರೆಯಬೇಡಿ. ಪ್ಯಾರಿಸ್‌ನಲ್ಲಿ ಜಾಕೋಬಾ ಫೆಲಿಸಿ ಎಂಬ ವೈದ್ಯೆಯನ್ನು ಆ ಕಾರಣಕ್ಕೆ ವಿಚಾರಣೆಗೆ ನಿಲ್ಲಿಸಿದ್ದು 1322ರಲ್ಲಿ.

ಹೆಣ ಕೊಯ್ಯುವ ದೃಶ್ಯವನ್ನೂ ಬಿಡಿ. ಸಲೆರ್ನೋದಲ್ಲಿ ಅಂಗರಚನೆ ಕಲಿಸುತ್ತಿದ್ದದ್ದು ಹಂದಿಯನ್ನು ಕೊಯ್ದು. ವಿಷದ ಅನುಮಾನಕ್ಕೆ ಇಟಲಿಯ ಬೊಲೋನ್ಯಾದಲ್ಲಿ ಶವ ಸೀಳಿದ ದಾಖಲೆ 1302ರದು. ಆಕೆಯ ಸಾಧನ ಕಣ್ಣು, ಕೈ, ಮೂಗು. ಅಷ್ಟು ಸಾಕು.

ಎಲ್ಲಕ್ಕಿಂತ ಬೆಲೆಬಾಳುವ ಸುಳಿವು ನೇರಳೆ ಕಲೆ. ಹೃದಯ ನಿಂತ ಮೇಲೆ ರಕ್ತ ಕೆಳಭಾಗಕ್ಕೆ ಇಳಿಯುತ್ತದೆ. ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಚರ್ಮದ ಮೇಲೆ ಬಣ್ಣ ಕಾಣಿಸಿಕೊಂಡು, ಸುಮಾರು 8ರಿಂದ 12 ಗಂಟೆಯಲ್ಲಿ ಖಾಯಂ ಆಗುತ್ತದೆ. ಹೆಬ್ಬೆರಳಿಂದ ಒತ್ತಿದಾಗ ಬಿಳಿಚಿದರೆ ಇನ್ನೂ ಖಾಯಂ ಆಗಿಲ್ಲ. ನೆಲಕ್ಕೆ ಒತ್ತಿದ ಜಾಗದಲ್ಲಿ ಕಲೆ ಮೂಡುವುದಿಲ್ಲ. ಹೊಂಡದಲ್ಲಿ ಬೋರಲು ಬಿದ್ದ ಹೆಣದ ಬೆನ್ನು ನೇರಳೆಯಾಗಿದ್ದು, ಅದರಲ್ಲಿ ಅಡ್ಡಡ್ಡ ಬಿಳಿ ಪಟ್ಟೆಗಳಿದ್ದರೆ? ಸತ್ತ ಮೇಲೆ ಅವನು ಹಲವು ಗಂಟೆ ಮರದ ತೊಲೆಗಳ ಮೇಲೆ ಅಂಗಾತ ಬಿದ್ದಿದ್ದ, ಆಮೇಲೆ ಯಾರೋ ತಂದು ಹಾಕಿದ್ದಾರೆ. ಅಂಥ ತೊಲೆಗಳು ಯಾರ ಕಣಜದಲ್ಲಿವೆ ಎಂದು ಅವಳು ಹುಡುಕಲಿ.

ದೇಹದ ಬಿಗಿತದಲ್ಲಿ ಬರಹಗಾರರು ಎಡವುವುದು ಹೆಚ್ಚು. ದವಡೆ ಬಿಗಿಯುವುದು 2ರಿಂದ 4 ಗಂಟೆಗೆ, ಇಡೀ ಮೈ ಬಿಗಿಯಲು ಸುಮಾರು 12 ಗಂಟೆ, ಅಷ್ಟೇ ಹೊತ್ತು ನಿಂತು ಮತ್ತಷ್ಟೇ ಹೊತ್ತಿನಲ್ಲಿ ಸಡಿಲವಾಗುತ್ತದೆ ಎಂಬುದು ಪಠ್ಯಪುಸ್ತಕದ ಸ್ಥೂಲ ಲೆಕ್ಕ. ಚಳಿಯಲ್ಲಿ ಅದು ದಿನಗಟ್ಟಲೆ ಉಳಿಯಬಹುದು. ನಮ್ಮ ಕಡೆಯ ಸೆಕೆಯಲ್ಲಿ ಬೇಗ ಬಿಡುತ್ತದೆ. ಹಾಗಾಗಿ ಜನವರಿಯ ಇಂಗ್ಲೆಂಡಿನಲ್ಲಿ ಅವಳು 'ಸರಿಯಾಗಿ ನಡುರಾತ್ರಿ ಸತ್ತ' ಎನ್ನಬಾರದು. 'ನಿನ್ನೆ ಸಂಜೆಗಿಂತ ಈಚೆಗಲ್ಲ' ಎಂದರೆ ನಂಬಬಹುದು.

ಕುತ್ತಿಗೆಯ ಗುರುತು ಓರೆಯಾಗಿ ಮೇಲಕ್ಕೇರಿ ಗಂಟಿನ ಬಳಿ ಕಡಿದುಹೋಗಿದ್ದರೆ ಸಾಮಾನ್ಯವಾಗಿ ನೇಣು; ಅಡ್ಡಕ್ಕೆ, ಕೆಳಗೆ, ಪೂರ್ತಿ ಸುತ್ತಿದ್ದರೆ ಹಗ್ಗ ಬಿಗಿದು ಕೊಂದದ್ದು. ಬಾಯಿಮೂಗಿನಲ್ಲಿ ನುಣ್ಣನೆಯ ನೊರೆ, ಮುಷ್ಟಿಯಲ್ಲಿ ಜೊಂಡು ಇದ್ದರೆ ಬದುಕಿರುವಾಗಲೇ ನೀರಿಗೆ ಬಿದ್ದಿರಬೇಕು. ವಿಷವನ್ನು ಮುಖ್ಯ ಸುಳಿವಾಗಿಸಬೇಡಿ: ಪಾಷಾಣವನ್ನು (ಆರ್ಸೆನಿಕ್) ಹೆಣದಲ್ಲಿ ತೋರಿಸಿಕೊಡುವ ನೆಚ್ಚಬಹುದಾದ ಪರೀಕ್ಷೆ ಬಂದದ್ದು 1836ರಲ್ಲಿ. ವತ್ಸನಾಭಿಯಾದರೆ ತುಟಿ ನಾಲಿಗೆ ಜೋಮು ಹಿಡಿಯುತ್ತದೆ, ಆದರೆ ಅದನ್ನು ಹೇಳಲು ರೋಗಿ ಬದುಕಿರಬೇಕು.

ಇನ್ನು ನಿಮ್ಮ ಕಥೆಯ ನಿಜವಾದ ತಿರುಳು 'ಮರ್ಡ್ರಮ್' ದಂಡ. ಕೊಲೆಗಾರ ಕೂಡಲೇ ಸಿಗದೆ, ಕೊಲೆಯಾದವನು ಇಂಗ್ಲಿಷಿನವನೆಂದು ನೆಂಟರು ಬಂದು ಸಾಬೀತೂ ಮಾಡದಿದ್ದರೆ, ಅವನು ಇಂಗ್ಲೆಂಡನ್ನು ಗೆದ್ದ ನಾರ್ಮನ್ ಜನದವನೆಂದೇ ಎಣಿಸಿ 'ಹಂಡ್ರೆಡ್' ಎಂಬ ಹೋಬಳಿಯ ಮೇಲೆ ಭಾರೀ ದಂಡ ಹಾಕುತ್ತಿದ್ದರು. ಅಪರಿಚಿತನಿಗೆ ನೆಂಟರೆಲ್ಲಿಂದ ಬರಬೇಕು? ಬಡ ಹಳ್ಳಿಗರಿಗೆ ಹೆಣವನ್ನು ರಾತ್ರೋರಾತ್ರಿ ಪಕ್ಕದ ಹೋಬಳಿಯ ಗಡಿ ದಾಟಿಸಲು ಇದಕ್ಕಿಂತ ಬಲವಾದ ಕಾರಣ ಬೇಡ. ಕೊಂದವನೊಬ್ಬ, ಹೊತ್ತವರು ಬೇರೆ. ಬೆನ್ನಿನ ಪಟ್ಟೆಯ ಜಾಡು ಹಿಡಿದು ಹೋದ ವೈದ್ಯೆ ಮೊದಲು ತಲುಪುವುದು ಹೊತ್ತವರ ಬಳಿಗೆ. ಅರ್ಧ ಕಾದಂಬರಿ ಅಲ್ಲಿ ನಿಲ್ಲಬಲ್ಲದು.

ಸಿಕ್ಕಿದ್ದನ್ನು ಅವಳು ತಾನೇ ಮುಂದಿಡುವ ಹಾಗಿಲ್ಲ. ಆಗಿನ ಕಾನೂನಿನಲ್ಲಿ ಕೊಲೆಯ ವಿಷಯದಲ್ಲಿ ಹೆಂಗಸು ಆರೋಪ ಹೊರಿಸಬಹುದಾದದ್ದು ಸಾಮಾನ್ಯವಾಗಿ ತನ್ನ ಗಂಡನ ಕೊಲೆಗೆ ಮಾತ್ರ, ಅದೂ ಕಣ್ಣಾರೆ ಕಂಡಿದ್ದರೆ. ಉಳಿದ ದಾರಿ ಹೋಬಳಿಯ ಹನ್ನೆರಡು ಮಂದಿ ಪ್ರಮಾಣ ಮಾಡಿ ಹೆಸರು ಹೇಳುವುದು. ಆ ಹನ್ನೆರಡರಲ್ಲಿ ಇಬ್ಬರನ್ನಾದರೂ ಹೆಣ ಹೊತ್ತವರನ್ನಾಗಿ ಮಾಡಿ. ನಿಜ ಹೇಳಿದರೆ ದಂಡ ತಮ್ಮ ಹೋಬಳಿಗೇ ಮರಳುತ್ತದೆ, ಸುಮ್ಮನಿದ್ದರೆ ನಿರಪರಾಧಿ ನೀರಿಗಿಳಿಯುತ್ತಾನೆ. ಅವರ ಬಾಯಿ ಬಿಡಿಸಲು ವೈದ್ಯೆ ಮಾಡಬೇಕಾದದ್ದು ಒಂದೇ: ಸತ್ತವನ ನೆಂಟರನ್ನು ಹುಡುಕಿ ಕರೆತರುವುದು. ಅವನು ಇಂಗ್ಲಿಷಿನವನೆಂದು ಸಾಬೀತಾದರೆ ದಂಡವಿಲ್ಲ, ಹನ್ನೆರಡು ಮಂದಿಗೂ ಕೊಲೆಗಾರನ ಹೆಸರು ಹೇಳಲು ಅಡ್ಡಿಯಿಲ್ಲ.