‘ಬೀಡುಬಿಟ್ಟಿವೆ’ ಎಂದರೆ ಹೋದವು ಎಂದಲ್ಲ

‘ಕಾಡಾನೆಗಳು ಕಾಫಿ ತೋಟದಲ್ಲಿ ಬೀಡುಬಿಟ್ಟಿವೆ’ ಎಂಬ ಸುದ್ದಿಯನ್ನು ‘ತೋಟ ಬಿಟ್ಟು ಹೋದವು’ ಎಂದು ನೀವು ಓದಿಕೊಂಡದ್ದಕ್ಕೆ ಕಾರಣ ‘ಬಿಡು’. ಇಲ್ಲಿ ಅದಕ್ಕೆ ತೊರೆಯುವ ಅರ್ಥವಿಲ್ಲ. ‘ಬೀಡು’ ಎಂದರೆ ಬಿಡಾರ, ‘ಬೀಡುಬಿಡು’ ಎಂದರೆ ಬಿಡಾರ ಹೂಡು. ಆನೆಗಳು ಅಲ್ಲೇ ಇವೆ.

ಮೊದಲು ವಿಭಕ್ತಿ ನೋಡಿ. ‘ತೋಟದಲ್ಲಿ’ ಎಂದಿದ್ದರೆ ತಂಗಿವೆ ಎಂದೇ ಅರ್ಥ. ‘ತೋಟವನ್ನು ಬಿಟ್ಟಿವೆ’ ಎಂದಿದ್ದರೆ ಹೊರಟಿವೆ. ಆಮೇಲೆ ‘ಬೀಡು’ ಪದಕ್ಕೆ ‘ಅನ್ನು’ ಅಂಟಿದೆಯೇ ಗಮನಿಸಿ. ‘ಬೀಡನ್ನು ಬಿಟ್ಟರು’ ಎಂದರೆ ಬಿಡಾರ ತೊರೆದರು, ಅಂದರೆ ತದ್ವಿರುದ್ಧ. ಒಂದು ಪ್ರತ್ಯಯದ ಆಟ ಅಷ್ಟೇ.

ಕ್ರಿಯಾಪದದಿಂದ ನಾಮಪದ ಹುಟ್ಟಿದ ಕೆಡು–ಕೇಡು, ಪಡು–ಪಾಡು ಇದ್ದ ಹಾಗೆ ಬಿಡು–ಬೀಡು. ಪಯಣ ನಿಲ್ಲಿಸಿ ಬಂಡಿಯಿಂದ ಎತ್ತು ಬಿಡುವುದನ್ನು ನೆನೆದರೆ ನಂಟು ಹೊಳೆಯುತ್ತದೆ. ಶಾಸನಗಳಲ್ಲಿ ಅರಸರು ‘ನೆಲೆವೀಡಿನೊಳ್’ (ನೆಲೆಯಾದ ಬೀಡಿನಲ್ಲಿ) ರಾಜ್ಯವಾಳುತ್ತಾರೆ. ಹಳೇಬೀಡಿನಲ್ಲಿರುವುದೂ ಇದೇ ಬೀಡು. (ಮೂಡುಬಿದಿರೆಯನ್ನು ಈ ಪಟ್ಟಿಗೆ ಸೇರಿಸಬೇಡಿ, ಅದು ಬಿದಿರು.)

ಬಳಸುವಾಗ ಸೈನ್ಯ, ಆನೆ ಹಿಂಡು, ಚುನಾವಣೆಗೆ ಬಂದ ನಾಯಕರು, ಹೀಗೆ ಕೆಲಕಾಲ ನೆಲೆನಿಲ್ಲುವವರಿಗೆ ಇಟ್ಟುಕೊಳ್ಳಿ. ಲಾಡ್ಜಿನಲ್ಲಿ ಒಂದು ರಾತ್ರಿ ಕಳೆದವರಿಗೆ ‘ತಂಗಿದರು’ ಸಾಕು. ‘ಠಿಕಾಣಿ ಹೂಡು’ ಎಂದರೆ ಏಳುವ ಲಕ್ಷಣವಿಲ್ಲ ಎಂಬ ಸಣ್ಣ ಅಸಮಾಧಾನವೂ ಸೇರಬಹುದು. ನೆಂಟರ ಎದುರು ಬೇಡ.

‘ಬೀಡು ಬಿಟ್ಟಿವೆ’ ಎಂದು ಬಿಡಿಸಿ ಬರೆಯಬೇಕೇ ಎಂದಿದ್ದೀರಿ. ಅಚ್ಚಿನಲ್ಲಿ ಎರಡೂ ಇವೆ, ಖಡಾಖಂಡಿತವಾಗಿ ಹೇಳಲಾರೆ; ಗೊಂದಲ ತಪ್ಪಲು ನಾನು ಕೂಡಿಸಿಯೇ ಬರೆಯುತ್ತೇನೆ. ಹೊರಟದ್ದನ್ನು ಹೇಳಲು ‘ಬಿಡಾರ ಕಿತ್ತರು’ ಎನ್ನಿ. ಆನೆಗಳಿಗಾದರೆ ‘ಕಾಡಿಗೆ ಮರಳಿದವು’.